ಒಂದನೇ ತರಗತಿ ದಾಟದ ಸಹಪಾಠಿ

ಶಿಕ್ಷಕರ ತರಬೇತಿಗೆ ಬಂದವರು ಜಾಣರೆನಿಸಿಕೊಳ್ಳಲು ಒದ್ದಾಡುವುದನ್ನು ನೀವು ನೋಡಿರಬಹುದು. ದಡ್ಡನೆನಿಸಿಕೊಳ್ಳಲು ಅಷ್ಟೇ ಶ್ರದ್ಧೆಯಿಂದ ದುಡಿದವನನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಶಿಕಾರಿಪುರದಲ್ಲಿ ಡಿ.ಎಡ್. ಓದುವಾಗ ಆತ ನನ್ನ ಸಹಪಾಠಿ. ಬಂದಳಿಕೆ ಕಡೆಯ, ಕುರಿ ಸಾಕುವ ಮನೆಯವನು. ಪರೀಕ್ಷೆಯಲ್ಲಿ ನಮ್ಮೆಲ್ಲರಿಗಿಂತ ಮುಂದೆ. ತರಗತಿಯಲ್ಲಿ ಮಾತ್ರ ಒಂದನೇ ಇಯತ್ತೆ ದಾಟಲು ಸುತರಾಂ ಒಪ್ಪದ ಭೂಪ!

ಅಲ್ಲಿನ ಪದ್ಧತಿ ಮೊದಲು ಹೇಳಿಬಿಡುತ್ತೇನೆ. ನಿಜವಾದ ಮಕ್ಕಳ ಮುಂದೆ ನಿಲ್ಲುವ ಮೊದಲು ನಾವು ಒಬ್ಬರಿಗೊಬ್ಬರು ಪಾಠ ಮಾಡಬೇಕು. ಒಬ್ಬರು ಟೀಚರ್, ಉಳಿದವರೆಲ್ಲ ಒಂದನೇ ತರಗತಿಯ ಮಕ್ಕಳು. ಮೀಸೆ ಬಂದ ಮಕ್ಕಳು, ಮದುವೆ ಗೊತ್ತಾದ ಮಕ್ಕಳು! ಹಿಂದಿನ ಬೆಂಚಿನಲ್ಲಿ ಮೇಷ್ಟ್ರು ಕೂತು ಅಂಕ ಹಾಕುತ್ತಾರೆ. ಹಾಗಾಗಿ ನಮ್ಮೊಳಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ಒಪ್ಪಂದವಿತ್ತು. "ತಿಳಿಯಿತೇ ಮಕ್ಕಳೇ?" ಎಂದು ಕೇಳಿದರೆ ಎಲ್ಲರೂ ಒಟ್ಟಿಗೆ "ತಿಳೀತು ಮಿಸ್" ಎನ್ನಬೇಕು. ಇವತ್ತು ನಾವು ಅವರಿಗೆ, ನಾಳೆ ಅವರು ನಮಗೆ.

ಈತನೊಬ್ಬ ಎದ್ದು ನಿಂತು, "ಇಲ್ಲ ಮಿಸ್, ತಿಳೀಲಿಲ್ಲ" ಎನ್ನುತ್ತಿದ್ದ.

ನನ್ನ ಹಾಸ್ಟೆಲ್ ಗೆಳತಿ ಒಮ್ಮೆ ದಿನವಿಡೀ ಕೂತು ಬಣ್ಣ ಹಚ್ಚಿ ಮಕ್ಕಳಿಗೆ ಎತ್ತಿ ತೋರಿಸುವ ಮಿಂಚುಪಟ್ಟಿ ಮಾಡಿ ತಂದಿದ್ದಳು. ಮೇಲೆ ಆನೆಯ ಚಿತ್ರ, ಕೆಳಗೆ 'ಆನೆ' ಎಂಬ ಪದ. ಎಲ್ಲರೂ ಓದಿದರು. ಈತ ಮುಂದೆ ಬಂದು ಚಿತ್ರದ ಮೇಲೆ ಅಂಗೈ ಮುಚ್ಚಿದ. ಅಕ್ಷರವನ್ನು ಬಹಳ ಹೊತ್ತು ದಿಟ್ಟಿಸಿ, "ಆನೆ ಹೋತು ಮಿಸ್. ಈಗ ನಂಗ ಓದಾಕ ಬರವಲ್ದು" ಎಂದ. ತರಗತಿಗೆ ತರಗತಿಯೇ ನಕ್ಕಿತು. ಗೆಳತಿ ಹಾಸ್ಟೆಲಿಗೆ ಬಂದು ಅತ್ತಳು.

ನನ್ನ ಸರದಿ ಬಂದಾಗ ಆತ ನನ್ನನ್ನೇನು ಬಿಟ್ಟನೇ? ಎಲ್ಲರೂ ಸೇರಿ ಪಾಠ ಓದುವಾಗ ಅವನದೇ ಗಟ್ಟಿ ದನಿ. ಒಂದಕ್ಷರ ತಪ್ಪಿಲ್ಲ! "ಶಭಾಷ್, ಎಷ್ಟು ಚೆನ್ನಾಗಿ ಓದಿದೆ" ಎಂದು ಬೆನ್ನು ತಟ್ಟಿದೆ. ಆಮೇಲೆ ನೋಡುತ್ತೇನೆ, ಅವನ ಕೈಲಿದ್ದ ಪುಸ್ತಕ ತಲೆಕೆಳಗಾಗಿದೆ. ಮೇಷ್ಟ್ರ ಪೆನ್ನು ಏನೋ ಬರೆಯಿತು.

ಹೊರಗೆ ಬಂದವಳೇ ಅವನ ಮೇಲೆ ಎಗರಿದೆ. "ಎಂಥ ಮಾರಾಯ್ರೇ ನೀವು! ನನ್ನ ಮಾರ್ಕ್ಸ್ ಹೋದ್ರೆ ನೀವು ಕೊಡ್ತೀರಾ?"

"ನಾ ಏನ್ ಮಾಡಿದ್ನಿರೀ? ನೀವ ಶಭಾಷ್ ಅಂದ್ರಲ್ರೀ!"

ಈ ಸೊರಬದವಳ ಹಟ ಇವನಿಗೆ ಗೊತ್ತಿಲ್ಲ ಅಂದುಕೊಂಡೆ. ಮುಂದಿನ ಸರದಿಗೆ ಬಣ್ಣದ ಪಟ್ಟಿ, ಬರೆದು ತಂದ ಪಾಠ ಎಲ್ಲವನ್ನೂ ಮೇಜಿನ ಮೇಲೇ ಬಿಟ್ಟು ಅವನ ಪಕ್ಕ ಹೋಗಿ ಕೂತೆ. ಪುಸ್ತಕ ತಲೆಕೆಳಗೇ ಇತ್ತು. ಬೈಯದೆ ಮೆಲ್ಲಗೆ ತಿರುಗಿಸಿಕೊಟ್ಟೆ. "ನಿಮ್ಮ ಮನೇಲಿ ಏನೇನಿದೆ ಹೇಳು" ಎಂದೆ. "ಕುರಿ" ಎಂದ. ಸ್ಲೇಟಿನಲ್ಲಿ ಚಿತ್ರವಿಲ್ಲದೆ 'ಕುರಿ' ಎಂದು ಬರೆದೆ. ಅವನ ಬೆರಳನ್ನು ಅಕ್ಷರದ ಕೆಳಗೆ ಇಡಿಸಿದೆ. ಅಳಿಸಿ, ಬೇರೆ ಪದಗಳ ನಡುವೆ ಮತ್ತೆ ಬರೆದು, ಹುಡುಕಲು ಹೇಳಿದೆ. ತಿಳಿಯಿತೇ ಎಂದು ಕೇಳಲೇ ಇಲ್ಲ. ಗಂಟೆ ಹೊಡೆಯಿತು. "ಪಾಠ ಮುಗೀಲಿಲ್ಲವಲ್ಲಮ್ಮಾ" ಎಂದರು ಮೇಷ್ಟ್ರು. ಆಗ ಈತ ಎದ್ದು ನಿಂತ.

"ತಿಳೀತು ಮಿಸ್."

ಸಂಜೆ ಗೇಟಿನ ಬಳಿ ಕಾದು ನಿಂತಿದ್ದ. "ಭಾನುವಾರ ನಮ್ಮೂರಿಗೆ ಬರ್ತೀರೇನ್ರೀ? ನಮ್ಮಕ್ಕಗ ಓದಾಕ ಕಲಿಸಬೇಕಿತ್ತು."

ಅಕ್ಕ ಶಾಲೆಗೆ ಹೋದವಳೇ. ಎಲ್ಲರ ಜೊತೆ ಪಾಠವನ್ನು ಹಾಡಿದಂತೆ ಒಪ್ಪಿಸುತ್ತಿದ್ದಳು. ಅವಳ ಬೆರಳು ಯಾವ ಸಾಲಿನ ಮೇಲಿದೆ ಎಂದು ಯಾರೂ ಬಗ್ಗಿ ನೋಡಲಿಲ್ಲ. ಗುಟ್ಟು ಬಯಲಾಗುವ ಹೊತ್ತಿಗೆ ನಾಚಿಕೆ ಬಲಿತಿತ್ತು. ಕುರಿಯ ಹಿಂದೆ ಹೋದವಳು ಶಾಲೆಗೆ ಮರಳಲಿಲ್ಲ. ನಾವು ಇಷ್ಟು ದಿನ ಕಂಡು ನಕ್ಕ ದಡ್ಡ ಮಗು ಅವಳೇ.

"ನೀವೇ ಕಲಿಸಬಹುದಲ್ಲ?" ಎಂದೆ.

"ತಮ್ಮನ ಮುಂದ ತಪ್ಪು ಮಾಡಾಕ ಆಕಿಗೆ ನಾಚಿಗಿರೀ. ಈಗ ಆಕಿ ಮಗಳು ಒಂದನೇ ಇಯತ್ತೆ. ದಿನಾ ಓದಿ, 'ಸರಿ ಐತೇನವ್ವ?' ಅಂತಾಳ. ಮಗಳು ಏನ್ ಓದಿದ್ರೂ ಅಕ್ಕ 'ಸರಿ ಐತಿ' ಅಂತಾಳ. ಮಗಳೂ ನನ್ನಂಗ ಆಗ್ತಾಳ ಅಂತ ಅಳತಾಳ್ರೀ."

ಇಷ್ಟು ದಿನ ಅವನು ನಮ್ಮ ಪಾಠ ಕೆಡಿಸುತ್ತಿರಲಿಲ್ಲ, ಅಕ್ಕನಿಗೊಬ್ಬ ಟೀಚರನ್ನು ಹುಡುಕುತ್ತಿದ್ದ!

ಅಂದಿನಿಂದ ಪ್ರತಿ ಭಾನುವಾರ ಹಾಸ್ಟೆಲ್ ಗೆಳತಿಯನ್ನು ಜೊತೆ ಮಾಡಿಕೊಂಡು ಹೋದೆ. ಅವಳು ಈಗ ಚಿತ್ರವಿಲ್ಲದ ಪಟ್ಟಿಗಳನ್ನು ಮಾಡುತ್ತಿದ್ದಳು. ಅಕ್ಕ ಅಂಗಳದಲ್ಲಿ ಮೆಕ್ಕೆಜೋಳದ ತೆನೆ ಸುಲಿಯುತ್ತ, ನಾನು ಏನು ಹೇಳಿದರೂ "ತಿಳೀತ್ರೀ ಮಿಸ್" ಎನ್ನುತ್ತಿದ್ದಳು. ತಮ್ಮನಿಗೆ ಆ ಮಾತು ಹೇಳಲು ತಿಂಗಳುಗಟ್ಟಲೆ ಬೇಕಾಯಿತು, ಅಕ್ಕನಿಗೆ ಅದನ್ನು ಬಿಡಲು ಅಷ್ಟೇ ಕಾಲ ಬೇಕಾಯಿತು. "ಇಲ್ರೀ, ತಿಳೀಲಿಲ್ಲ" ಎಂದು ಅವಳು ಮೊದಲ ಸಲ ಹೇಳಿದ ದಿನ ನಾವಿಬ್ಬರೂ ಹಬ್ಬ ಮಾಡಿದಷ್ಟು ಖುಷಿಪಟ್ಟೆವು. ಕಲಿಕೆ ಅಲ್ಲಿಂದ ಶುರುವಾಯಿತು.

ತರಬೇತಿ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಮಗಳು ಜಗಲಿಯಲ್ಲಿ ಕೂತು ಸರಾಗವಾಗಿ, ಗಟ್ಟಿಯಾಗಿ ಓದುತ್ತಿದ್ದಳು. ಪಕ್ಕದಲ್ಲಿದ್ದ ಅಕ್ಕನ ಕೈ ತೆನೆಯ ಮೇಲೆ ನಿಂತಿತು. ಪುಸ್ತಕದ ಕಡೆ ಬಗ್ಗಿದಳು.

"ಅಲ್ಲ ಮಗಾ. ಅಲ್ಲಿ ಹಂಗಿಲ್ಲ. ತಪ್ಪಾತು, ಇನ್ನೊಮ್ಮೆ ಓದು."

ಮಗಳು ಬೆರಗಾಗಿ ತಾಯಿಯ ಮುಖ ನೋಡಿದಳು. ನನ್ನ ಸಹಪಾಠಿ ಥಟ್ಟನೆ ಎದ್ದು ಕುರಿದೊಡ್ಡಿಯ ಕಡೆ ನಡೆದ. ಹಿಂದೆಯೇ ಹೋದೆ. ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ.

"ನಮ್ಮಕ್ಕ ತಪ್ಪು ಹಿಡಿದ್ಳಲ್ರೀ ಮಿಸ್!"

ಜಗಲಿಯಲ್ಲಿ ಮಗು ಆ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಮತ್ತೆ ಓದಿತು. ಆಮೇಲೆ ಅಕ್ಕನ ದನಿ ಕೇಳಿತು.

"ಹ್ಞಾಂ. ಈಗ ಸರಿ ಐತಿ."