ಕೆಟ್ಟ ಕನಸಿನ ಗಿರಾಕಿ

ನಮ್ಮ ಕಡೆ ನಿದ್ದೆ ಮಾಡುವವರಿಗೆ ಒಂದಲ್ಲ ಒಂದು ಕಾಟ ಇದ್ದದ್ದೇ. ಸೊಳ್ಳೆ, ಕಾಡುಹಂದಿ, ಮದುವೆ ಮನೆಯ ಮೈಕು. ಹೋದ ವರ್ಷ ಆ ಸಾಲಿಗೆ ವಿಜ್ಞಾನವೂ ಸೇರಿಕೊಂಡಿತು.

ನಮ್ಮ ಜನರ ಕೆಟ್ಟ ಕನಸುಗಳನ್ನು ಅಧ್ಯಯನ ಮಾಡುತ್ತೇನೆಂದು ಬೆಂಗಳೂರಿನಿಂದ ಸಂಶೋಧಕರೊಬ್ಬರು ಬಂದರು. ಅವರ ಕನ್ನಡ ಪುಸ್ತಕದ್ದು, ನಮ್ಮವರದು ಹೊಲದ್ದು. ನಡುವೆ ಇರಲಿ ಎಂದು ಕಾಮಗೆರೆಯವನಾದ ನನ್ನನ್ನು ಸಂಬಳ ಕೊಟ್ಟು ಜೊತೆಗೆ ಹಾಕಿಕೊಂಡರು. ಸಾಕಷ್ಟು ಕನಸು ಸಿಗದಿದ್ದರೆ ಯೋಜನೆ ಮುಚ್ಚಿ ತಮ್ಮನ್ನು ಮನೆಗೆ ಕಳಿಸುತ್ತಾರೆ ಎಂದು ಮೊದಲ ದಿನವೇ ಹೇಳಿಕೊಂಡರು. ಇಷ್ಟೆಲ್ಲ ಓದಿದವರ ಅನ್ನ ಕಂಡವರ ಕೆಟ್ಟ ಕನಸಿನ ಮೇಲೆ ನಿಂತಿದೆಯಲ್ಲ ಎಂದು ನನಗೆ ಅಯ್ಯೋ ಅನ್ನಿಸಿತು.

ಗೌಪ್ಯ

ಮೊದಲು ಹೋದದ್ದು ಯಳಂದೂರಿನ ಒಂದು ಮನೆಗೆ. ಅಲ್ಲಿಯ ಸೊಸೆಯನ್ನು ಮಾತಾಡಿಸಬೇಕಿತ್ತು. ಇದು ಗೌಪ್ಯವಾಗಿ ನಡೆಯಬೇಕು ಎಂದು ಸಂಶೋಧಕರು ತಾಕೀತು ಮಾಡಿದರು. ಅತ್ತೆ ತಕ್ಷಣ ಎದ್ದು ಬೀದಿ ಬಾಗಿಲು ಹಾಕಿ, ಅಗುಳಿ ಜಡಿದು, ಬಂದು ಸೊಸೆಯ ಪಕ್ಕದಲ್ಲೇ ಕೂತರು.

ಕನಸಿನಲ್ಲಿ ಯಾರಾದರೂ ಅಟ್ಟಿಸಿಕೊಂಡು ಬರುತ್ತಾರಾ? ಸೊಸೆ ಅತ್ತೆಯ ಮುಖ ನೋಡಿ ಇಲ್ಲ ಎಂದಳು. ಯಾರಾದರೂ ಬೈಯುತ್ತಾರಾ? ಇನ್ನೊಮ್ಮೆ ಅತ್ತೆಯ ಮುಖ ನೋಡಿದಳು. ಇಲ್ಲ. ಹಾಗಾದರೆ ಒಂದೇ ಒಂದು ಕೆಟ್ಟ ಕನಸೂ ಬೀಳುವುದಿಲ್ಲವೇ ಎಂದು ಸಂಶೋಧಕರು ಬೇಡುವ ದನಿಯಲ್ಲಿ ಕೇಳಿದಾಗ ಅತ್ತೆಯೇ ಉತ್ತರ ಕೊಟ್ಟರು.

"ಬೀಳಾಕಿಲ್ಲ ಸಾ. ನಾನಿರೋಗಂಟ ಬೀಳಾಕೆ ಬುಡಾಕೂ ಇಲ್ಲ."

ಪಥ್ಯ

ಹೂಗ್ಯಂನಲ್ಲಿ ಒಬ್ಬ ರೈತನ ಕೈಗೆ ನಿದ್ದೆ ಅಳೆಯುವ ವಾಚು ಕಟ್ಟಿದ್ದೆವು. ವಾರ ಬಿಟ್ಟು ಹೋಗಿ ನೋಡಿದರೆ ಸಂಶೋಧಕರ ಮುಖ ಹಬ್ಬದಂತಾಯಿತು. ರಾತ್ರಿಯೆಲ್ಲ ನಿದ್ದೆಯೇ ಇಲ್ಲ, ಗಳಿಗೆಗೊಮ್ಮೆ ಎದೆಬಡಿತ ಏರಿದೆ. ಇಂಥ ಅಪರೂಪದ ರೋಗಿ ಎಲ್ಲಿ ಸಿಗುತ್ತಾನೆ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಈ ಕಾಯಿಲೆ ಎಂದಿನಿಂದ ಎಂದು ರೈತನನ್ನು ಕೇಳಿದರು. ಜೋಳ ತೆನೆ ಕಟ್ಟಿದಾಗಿನಿಂದ ಎಂದ. ಎಂದು ವಾಸಿಯಾಗುತ್ತದೆ ಎಂದರೆ, ಕಟಾವು ಮುಗಿದ ಮೇಲೆ ಎಂದ. ಕಾಡಿನಂಚಿನ ಹೊಲ, ರಾತ್ರಿ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಆನೆ ಕಾಯುವವನಿಗೆ ಎದೆ ಬಡಿಯದೆ ಇನ್ನೇನು ಮಾಡೀತು?

ಸಂಶೋಧಕರ ಪುಸ್ತಕದಲ್ಲಿ ಇದು ಇರಲಿಲ್ಲ. ಇದ್ದದ್ದನ್ನು ಹೇಳಿದರು. ಬೇಗ ಉಣ್ಣಿ, ದಿನಾ ಒಂದೇ ಹೊತ್ತಿಗೆ ಮಲಗಿ, ಮಲಗುವಾಗ ಗದ್ದಲ, ಬೆಳಕು ಬೇಡ. ರೈತ ಎಲ್ಲಕ್ಕೂ ಭಕ್ತಿಯಿಂದ ತಲೆಯಾಡಿಸಿದ.

"ಆಗ್ಲಿ ಸಾ. ಇದ್ನೇ ಆನೆಗೂ ಒಂದ್ಸಲ ಏಳ್ಬುಡಿ."

ಪರಸ್ಥಳದವರು

ಹೀಗೆ ಬರಿಗೈಯಲ್ಲಿ ತಿರುಗುತ್ತಿದ್ದಾಗ ನಮ್ಮ ಕಾಮಗೆರೆ ಅವರ ಕೈ ಹಿಡಿಯಿತು. ಜನ ತಾವಾಗಿಯೇ ಬರತೊಡಗಿದರು. ಹಾವು ಸುತ್ತಿದ್ದು, ಹಲ್ಲು ಉದುರಿದ್ದು, ಸತ್ತ ಮಾವ ಸಾರು ಕೇಳಿದ್ದು, ಎಲ್ಲವನ್ನೂ ಸಂಶೋಧಕರ ಮುಂದೆ ಸುರಿದು, ತಿರುಗಿ ನೋಡದೆ ಹೊರಟುಹೋಗುತ್ತಿದ್ದರು. ಜನ ತಮ್ಮನ್ನು ನಂಬಿದ್ದಾರೆ ಎಂದು ಅವರು ಹಿಗ್ಗಿದರು.

ಆ ತಿರುಗಿ ನೋಡದ ನಡಿಗೆ ನನಗೆ ಎಲ್ಲೋ ಕಂಡಂತಿತ್ತು. ನಮ್ಮಲ್ಲಿ ಕೆಟ್ಟ ಕನಸನ್ನು ಹರಿಯುವ ನೀರಿಗೆ ಹೇಳಿ, ತಿರುಗಿ ನೋಡದೆ ಬರುವುದು ಪದ್ಧತಿ. ನಮ್ಮ ಬೀದಿಯ ಅಜ್ಜಿಯನ್ನು ಹಿಡಿದು ಕೇಳಿದೆ.

"ರಿಪೇರಿ ಅಂತ ಕಾಲ್ವೆ ನೀರು ನಿಲ್ಸವ್ರಲ್ಲಪ್ಪ," ಅಂದರು ಅಜ್ಜಿ. "ಮನೆಯೋರ್ಗೆ ಏಳುದ್ರೆ ಅವ್ರ್‌ಗೆ ಅಂಟ್ಕತದೆ. ಈವಯ್ಯ ಎಂಗೂ ಪರಸ್ಥಳದೋರು."

ಕಾಲುವೆಗೆ ನೀರು ಬಂತು

ನಾನು ಸಂಶೋಧಕರಿಗೆ ಇದನ್ನು ತಿಳಿಸಿದೆ. ಮೂಢನಂಬಿಕೆ ಎಂದು ನಕ್ಕರು. ಆದರೆ ಆಮೇಲೆ ಅವರ ನಿದ್ದೆ ಹಾರಿತು, ಕಣ್ಣಿನ ಕೆಳಗೆ ಮಸಿ ಬಳಿದಂತಾಯಿತು. ನಿದ್ದೆಯ ತಜ್ಞರು ಕುರ್ಚಿಯಲ್ಲಿ ಕೂತೇ ತೂಕಡಿಸುತ್ತಿದ್ದರು.

ಆ ಹೊತ್ತಿಗೇ ಯೋಜನೆ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಅವರ ದೊಡ್ಡ ಸಾಹೇಬರು ಬಂದು ಕೊಳ್ಳೇಗಾಲದ ಲಾಡ್ಜಿನಲ್ಲಿ ಇಳಿದರು. ಸಂಶೋಧಕರು ಹೆದರುತ್ತ ಪದ್ಧತಿಯ ವಿಷಯ ತೆಗೆದರೆ, ವಿಜ್ಞಾನಿಯ ಬಾಯಲ್ಲಿ ಇಂಥ ಮಾತೇ ಎಂದು ಸಾಹೇಬರು ನನ್ನೆದುರಿಗೇ ಗದರಿದರು. ಆಮೇಲೆ ಪರೀಕ್ಷಿಸುತ್ತೇನೆಂದು ತಾವೇ ಕಾಮಗೆರೆಯಲ್ಲಿ ಕೂತು ದಿನವಿಡೀ ಜನರ ಕನಸು ಕೇಳಿದರು. ದೊಡ್ಡ ಮನುಷ್ಯರು ಸಿಕ್ಕರೆಂದು ನಮ್ಮವರು ಹಳೆಯ ಬಾಕಿಯೆಲ್ಲ ಇಳಿಸಿ ಹೋದರು.

ಮಾರನೆಯ ಬೆಳಿಗ್ಗೆ ಕಾಲುವೆಗೆ ನೀರು ಬಿಟ್ಟಿದ್ದರು. ದೊಡ್ಡ ಸಾಹೇಬರೂ ಬಂದರು, ಕಣ್ಣು ಕೆಂಪಗೆ. ಕೇವಲ ಅಧ್ಯಯನಕ್ಕಾಗಿ ಎಂದು ನಮ್ಮಿಬ್ಬರಿಗೂ ಒತ್ತಿ ಹೇಳಿ, ಪ್ಯಾಂಟು ಮಡಚಿ ಕಾಲುವೆಗೆ ಇಳಿದರು. ಬಗ್ಗಿ ಇಂಗ್ಲಿಷಿನಲ್ಲಿ ನೀರಿಗೆ ಏನೋ ಹೇಳಿದರು. ಏನಂತೆ ಎಂದು ಸಂಶೋಧಕರನ್ನು ಕೇಳಿದೆ. ದೆಹಲಿಯಿಂದ ಇನ್ನೂ ದೊಡ್ಡ ಸಾಹೇಬರು ಬಂದು, ಈ ಸಂಶೋಧನೆಯಿಂದ ಯಾರಿಗೇನು ಉಪಯೋಗ ಎಂದು ಕೇಳಿದ ಹಾಗೆ ಕನಸು ಬಿತ್ತಂತೆ.

ದೊಡ್ಡ ಸಾಹೇಬರು ತಿರುಗಿ ನೋಡದೆ ಮೇಲೆ ಬಂದು, ಯೋಜನೆ ಇನ್ನೊಂದು ವರ್ಷ ಮುಂದುವರಿಯಲಿ, ಕನಸು ಕೇಳುವವರು ಇವರೇ ಇರಲಿ ಎಂದು ಅಪ್ಪಣೆ ಕೊಟ್ಟರು. ಕೆಲಸ ಉಳಿದ ಸಂತೋಷಕ್ಕೆ ಸಂಶೋಧಕರು ಕುಣಿಯಬೇಕಿತ್ತು. ಅವರು ತಮ್ಮ ಪ್ಯಾಂಟು ಮಡಚತೊಡಗಿದರು.

ಕೆಳಗೆ ಗದ್ದೆಗೆ ನೀರು ತಿರುಗಿಸುತ್ತಿದ್ದ ಅಜ್ಜಿ ಗುದ್ದಲಿ ಎತ್ತಿ ತಡೆದರು.

"ಒಸಿ ತಡಿಯಪ್ಪ. ದೊಡ್ಡೋರ್ದು ಮುಂದಕ್ಕೋಗ್ಲಿ. ಎರಡೂ ಒಂದೇ ಸಲ ಬಂದ್ರೆ ನನ್ ಬತ್ತ ತಡ್ಕಳಾಕಿಲ್ಲ."