ಮಾವನ ಮೊದಲ ನೋಟ ಮತ್ತು ಹೊಸ ಬ್ರೌಸರ್

ನಮ್ಮ ಸೋದರಮಾವನಿಗೆ ಕಣ್ಣು ಎರಡಿವೆ, ಆದರೆ ಎರಡನೇ ಸಲ ನೋಡುವ ಅಭ್ಯಾಸವಿಲ್ಲ. ವಸ್ತುವಾಗಲಿ, ಮನುಷ್ಯನಾಗಲಿ, ಊರಾಗಲಿ, ಅವರ ಮುಂದೆ ಬಂದ ಒಂದು ನಿಮಿಷಕ್ಕೆ ತೀರ್ಪು ಹೊರಬೀಳುತ್ತದೆ. ಆ ತೀರ್ಪಿನ ಮೇಲೆ ಅಪೀಲು ಹೋಗುವಂತಿಲ್ಲ. ದೊಡ್ಡ ದೊಡ್ಡ ನ್ಯಾಯಾಧೀಶರೇ ಒಮ್ಮೊಮ್ಮೆ ತಾವು ಹೇಳಿದ್ದನ್ನು ತಾವೇ ತಿದ್ದಿಕೊಳ್ಳುತ್ತಾರಲ್ಲ, ನಮ್ಮ ಮಾವ? ಛೆ ಛೆ, ಅಂಥ ದುರಭ್ಯಾಸಗಳು ಅವರಿಗಿಲ್ಲ!

ತಪ್ಪು ಅವನದಲ್ಲ, ಅವನ ಕಸುಬಿನದು ಎಂದು ನಮ್ಮ ಅಮ್ಮ ಇದ್ದಾಗ ತಮ್ಮನನ್ನು ವಹಿಸಿಕೊಂಡು ಬರುತ್ತಿದ್ದಳು. ಮಾವನದು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ರೈತ ಚೀಲದ ಬಾಯಿ ಬಿಚ್ಚಿದೊಡನೆ ಒಂದು ಉಂಡೆ ಕೊಬ್ಬರಿ ಎತ್ತಿ, ಅಂಗೈಯಲ್ಲಿ ತೂಗಿ, ಉಗುರಿನಲ್ಲಿ ಗೀರಿ, ಮೂಸಿ ನೋಡಿದರೆಂದರೆ ಇಡೀ ಚೀಲದ ಹಣೆಬರಹ ಬರೆದಾಯಿತು. ನಲವತ್ತು ವರ್ಷ ಕೊಬ್ಬರಿಯ ವಿಷಯದಲ್ಲಿ ಅವರು ಸೋತಿಲ್ಲ, ಒಪ್ಪೋಣ. ಆದರೆ ಕೊಬ್ಬರಿಯಲ್ಲದ ವಸ್ತುಗಳೂ ಲೋಕದಲ್ಲಿ ಒಂದಿಷ್ಟು ಇವೆ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕಾಗಿತ್ತು.

ಒಮ್ಮೆ ಹುಬ್ಬಳ್ಳಿ ಕಡೆಯ ಬೀಗರು ಬಂದಾಗ ವ್ಯಾನು ಮಾಡಿಕೊಂಡು ಬೇಲೂರು, ಹಳೇಬೀಡಿಗೆ ಹೋದೆವು. ಬೀಗರು ಕಲ್ಲಿನ ಆನೆಗಳ ಸಾಲಿನ ಮುಂದೆ ಮೈಮರೆತು ನಿಂತಿದ್ದರೆ, ಮಾವ ಹಳೇಬೀಡಿನ ದೇವಸ್ಥಾನವನ್ನು ಕೆಳಗಿನಿಂದ ಮೇಲಕ್ಕೆ ಒಂದು ಸಲ ನೋಡಿ, ಮೇಲೆ ಗೋಪುರವೇ ಇಲ್ಲ, ಕೆಲಸ ಅರ್ಧಕ್ಕೇ ಬಿಟ್ಟಿದ್ದಾರೆ ಎಂದು ಷರಾ ಬರೆದು, ಹೊರಗೆ ಬಂದು ಸೌತೆಕಾಯಿ ತಿನ್ನುತ್ತ ಕೂತರು. ಬೇಲೂರಿಗೆ ನೂರಕ್ಕೆ ಎಪ್ಪತ್ತು ಕೊಟ್ಟರು, ಅಲ್ಲಿ ಬಾಗಿಲಿಗಾದರೂ ಗೋಪುರವಿದೆಯಂತೆ! ಹಳೇಬೀಡಿಗೆ ಮೂವತ್ತೈದು, ಕನಿಕರದಿಂದ ಪಾಸು. ಹುಲಿಕೆರೆಯ ಕಲ್ಯಾಣಿಯನ್ನು ಮಾತ್ರ ಮೆಟ್ಟಿಲು ಜಾಸ್ತಿ, ನೀರು ಕಮ್ಮಿ ಎಂದು ನಿರ್ದಾಕ್ಷಿಣ್ಯವಾಗಿ ಫೇಲು ಮಾಡಿದರು. ಬೀಗರು ಆಮೇಲೆ ನಮ್ಮ ಊರಿನ ಕಡೆ ಬರಲಿಲ್ಲ.

ಇಂಥವರ ಕೈಗೆ ಕಂಪ್ಯೂಟರ್ ಸಿಕ್ಕಿದರೆ ಏನಾಗಬೇಡ? ಸಿಕ್ಕಿತು, ಅದೂ ನನ್ನಿಂದಲೇ ಸಿಕ್ಕಿತು. ಸ್ಟೇಷನ್ ರಸ್ತೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ನಾನೊಂದು ಸೈಬರ್ ಸೆಂಟರ್ ತೆರೆದಿದ್ದೆ. ಮಂಡಿಯ ವ್ಯಾಪಾರ ಮುಗಿದ ಮೇಲೆ ಮಾವ ದಿನವೂ ಬಂದು ಮೊದಲನೇ ಕಂಪ್ಯೂಟರಿನ ಮುಂದೆ ಸ್ಥಾಪಿತರಾಗುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಅವರು ಓದುತ್ತಿದ್ದದ್ದು ಕಡಿಮೆ, ಅಂಕ ಕೊಡುತ್ತಿದ್ದದ್ದೇ ಹೆಚ್ಚು. ಅಕ್ಕಪಕ್ಕ ಕೂತ ಗಿರಾಕಿಗಳ ಪರದೆಗೂ ಕತ್ತು ಚಾಚಿ ಅಂಕ ಕೊಡುತ್ತಿದ್ದರು. ಇವರ ದೆಸೆಯಿಂದ ಎಷ್ಟೋ ಜನ ತಮ್ಮ ಇ-ಮೇಲನ್ನು ಟವೆಲ್ಲು ಮರೆಮಾಡಿಕೊಂಡು ಓದಬೇಕಾಗುತ್ತಿತ್ತು.

ಎರಡು ಸಾವಿರದ ಎಂಟರ ಸುಮಾರಿಗೆ ಒಂದು ದಿನ ಪೇಪರಿನಲ್ಲಿ ಸುದ್ದಿ ಬಂತು: ಇಂಟರ್ನೆಟ್ ನೋಡುವುದಕ್ಕೆ ಹೊಸದೊಂದು ಬ್ರೌಸರ್ ಬಿಡುಗಡೆಯಾಗಿದೆ. ಬ್ರೌಸರ್ ಎಂದರೆ ಏನು, ಪುಟಗಳನ್ನು ತೋರಿಸುವ ಒಂದು ಕಿಟಕಿ. ಅಲ್ಲಿಯವರೆಗೆ ಎಲ್ಲರೂ ಕಂಪ್ಯೂಟರ್ ಕೊಂಡಾಗ ಬಂದಿದ್ದ ಕಿಟಕಿಯಲ್ಲೇ ನೆಮ್ಮದಿಯಾಗಿ ಇಣುಕುತ್ತಿದ್ದರು. ಮಾವ ಮಾತ್ರ ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿ, ಮಂಡಿಯನ್ನು ಗುಮಾಸ್ತನಿಗೆ ಬಿಟ್ಟು, ಬೆಳಗ್ಗೆ ಹನ್ನೊಂದಕ್ಕೇ ಹಾಜರಾದರು. ನಡುವೆ ಎರಡು ಸಲ ಕರೆಂಟು ಹೋಗಿ, ಅದು ಇಳಿದು ಮುಗಿಯುವ ಹೊತ್ತಿಗೆ ಹನ್ನೆರಡು ದಾಟಿತ್ತು. ಬುಧವಾರ ಬೇರೆ. ಒಂದೂವರೆ ತನಕ ರಾಹುಕಾಲ, ಯಾರೂ ಮೌಸು ಮುಟ್ಟಕೂಡದು ಎಂದು ಅಪ್ಪಣೆಯಾಯಿತು. ಒಂದು ಗಂಟೆ ಮೂವತ್ತೊಂದು ನಿಮಿಷಕ್ಕೆ ಮಾನಿಟರಿಗೆ ಊದಿನಕಡ್ಡಿ ಬೆಳಗಿ, ಪೂರ್ವಕ್ಕೆ ತಿರುಗಿ ಕೂತು ಕ್ಲಿಕ್ ಮಾಡಿದರು. ಹೊಗೆಗೆ ಪಕ್ಕದ ಗಿರಾಕಿ ಕೆಮ್ಮುತ್ತ ಎದ್ದುಹೋದ.

ಹೊಸ ಕಿಟಕಿ ತೆರೆಯಿತು. ನಾನೂ ಬಗ್ಗಿ ನೋಡಿದೆ. ಮೇಲೆ ಇರಬೇಕಾದ ಪಟ್ಟಿಗಳಿಲ್ಲ, ಗುಂಡಿಗಳ ಸಾಲಿಲ್ಲ, ಎಲ್ಲ ನುಣ್ಣಗೆ ಬೋಳು. ಮಾವನಿಗೂ ತಲೆ ಬೋಳೇ, ಹಾಗಾಗಿ ಆತ್ಮೀಯತೆ ಹುಟ್ಟಿತೋ ಏನೋ, ಮುಖ ಅರಳಿತು.

"ಸರಕು ಹಗುರವಾಗೈತೆ ಕಣ್ಲಾ. ಹಗುರ ಅಂದ್ರೆ ಚೆನ್ನಾಗಿ ಒಣಗೈತೆ ಅಂತ. ಹಳೇದು ಹಸಿ ಸರಕು, ಸುಮ್ನೆ ತೂಕ" ಎಂದರು.

ತೀರ್ಪಾಗಿಹೋಯಿತು! ತೊಂಬತ್ತೈದು ಅಂಕ. ಬೇಲೂರಿಗಿಂತ ಇಪ್ಪತ್ತೈದು ಹೆಚ್ಚು. ಇದರಲ್ಲಿ ಒಂದು ಪುಟ ಕೆಟ್ಟು ಕೂತರೆ ಉಳಿದ ಪುಟಗಳಿಗೆ ಏನೂ ಆಗುವುದಿಲ್ಲವಂತೆ ಎಂದು ಪೇಪರಿನಲ್ಲಿ ಓದಿದ್ದನ್ನು ಬಂದವರಿಗೆಲ್ಲ ವಿವರಿಸಿದರು. ಒಟ್ಟು ಕುಟುಂಬಗಳನ್ನೂ ಹೀಗೇ ಮಾಡಬೇಕಿತ್ತು ಎಂಬ ಸಲಹೆಯನ್ನೂ ಸೇರಿಸಿದರು. ವಿಳಾಸ ಬರೆಯುವುದಕ್ಕೂ ಹುಡುಕುವುದಕ್ಕೂ ಒಂದೇ ಖಾನೆ ಇದ್ದದ್ದಂತೂ ಅವರಿಗೆ ಬಹಳ ಹಿಡಿಸಿತು. ಮಂಡಿಯಲ್ಲಿ ಅವರೊಬ್ಬರೇ ಬೆಲೆ ಹೇಳುವವರೂ, ಚೌಕಾಶಿ ಮಾಡುವವರೂ ಆಗಿರುವಾಗ ಹಿಡಿಸದೆ ಇರುತ್ತದೆಯೇ?

ನಾಲ್ಕನೇ ದಿನ ಮಾತ್ರ ಒಂದು ಎಡವಟ್ಟಾಯಿತು. ಈ ಹೊಸ ಬ್ರೌಸರಿಗೆ ಒಂದು ಗುಣವಿತ್ತು. ಹೊಸ ಪುಟ ತೆರೆದರೆ ಸಾಕು, ನಾವು ಹೆಚ್ಚು ಸಲ ನೋಡಿದ ಒಂಬತ್ತು ತಾಣಗಳ ಚಿತ್ರವನ್ನು ಮೂರು ಸಾಲಾಗಿ ಜೋಡಿಸಿ ಎದುರಿಗಿಡುತ್ತಿತ್ತು. ಮಾವ ನಾಲ್ಕು ಜನ ಸಹವರ್ತಕರನ್ನು ಕರೆತಂದು, ಇದರ ಚಮತ್ಕಾರ ನೋಡಿ ಎಂದು ಠೀವಿಯಿಂದ ಒತ್ತಿದರು. ಒಂಬತ್ತರಲ್ಲಿ ಒಂದು ಕೊಬ್ಬರಿ ಧಾರಣೆ, ಒಂದು ಪಂಚಾಂಗ. ಉಳಿದ ಏಳೂ ಬೋಳುತಲೆಯಲ್ಲಿ ಕೂದಲು ಬೆಳೆಸುವ ಎಣ್ಣೆಗಳು! ವರ್ತಕರು ಗಂಭೀರವಾಗಿ ಮಾವನ ತಲೆಯನ್ನೂ ಪರದೆಯನ್ನೂ ಒಂದಾದ ಮೇಲೊಂದರಂತೆ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಆ ಬ್ರೌಸರನ್ನು ಅಲ್ಲೇ ಫೇಲು ಮಾಡುತ್ತಿದ್ದರು. ಮಾವ ಕೊಟ್ಟ ಅಂಕ ಕೊಟ್ಟದ್ದೇ. ಅವೆಲ್ಲ ಸೋದರಳಿಯನಿಗಾಗಿ ನೋಡಿದ್ದು ಎಂದುಬಿಟ್ಟರು. ನನ್ನ ತಲೆಯಲ್ಲಿ ಆಗ ಬಾಚಣಿಗೆ ಮುರಿಯುವಷ್ಟು ಕೂದಲಿತ್ತು.

ಆಮೇಲೆ ಧರ್ಮಪ್ರಚಾರ ಶುರುವಾಯಿತು. ಊರಿನಲ್ಲಿದ್ದ ಇನ್ನೆರಡು ಸೈಬರ್ ಸೆಂಟರುಗಳಿಗೂ ಹೋಗಿ ಹೊಸದನ್ನು ಹಾಕಿಸಿ, ಹಳೆಯದನ್ನು ತೆಗೆಸಿ ಬಂದರು. ಕೊಬ್ಬರಿ ನೋಡಲು ಹಳೇಬೀಡಿಗೆ ಹೋದವರು ದೇವಸ್ಥಾನದ ಎದುರು ಚಿತ್ರಪಟ ಮಾರುವ, ಜೆರಾಕ್ಸ್ ಜೊತೆಗೊಂದು ಕಂಪ್ಯೂಟರ್ ಇಟ್ಟುಕೊಂಡ ಅಂಗಡಿಯವನಿಗೂ ಬೋಧಿಸಿದರಂತೆ. ಅವನು ತನಗೆ ಹಳೆಯದೇ ಸಾಕು ಎಂದನಂತೆ. ಆ ಮನುಷ್ಯ ಉದ್ಧಾರವಾಗುವುದಿಲ್ಲ ಎಂದು ಬಂದು ವರದಿ ಒಪ್ಪಿಸಿದರು.

ಇಷ್ಟು ಹೊತ್ತೂ ನಗುತ್ತಿದ್ದೆನಲ್ಲ, ನನಗೂ ಬೇಕಿತ್ತು.

ನನ್ನ ಹೆಂಡತಿ ಬಿ.ಎಡ್. ಮಾಡಿದವಳು. ಹತ್ತು ವರ್ಷದಿಂದ ಒಂದು ಸಣ್ಣ ಶಾಲೆಯಲ್ಲಿ, ಈ ವರ್ಷ ಇದ್ದು ಮುಂದಿನ ವರ್ಷ ಇಲ್ಲ ಎನ್ನುವಂಥ ಕೆಲಸದಲ್ಲಿ ಪಾಠ ಮಾಡುತ್ತಿದ್ದಳು. ಜಿಲ್ಲೆಯ ನಾಲ್ಕಾರು ಕಡೆ ಶಾಲೆ ನಡೆಸುವ ಒಂದು ಸಂಸ್ಥೆ ಕಾಯಂ ಶಿಕ್ಷಕರನ್ನು ಕರೆದಿತ್ತು. ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ಹಾಕಬೇಕು. ಮುಂದಿನ ಸಲ ಕರೆಯುವ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತದೆ, ಹಾಗಾಗಿ ಇದೇ ಕೊನೆಯ ಅವಕಾಶ. ಅರ್ಜಿಯಲ್ಲಿ ಅಭ್ಯರ್ಥಿಯ ಪಾಠವನ್ನು ಬಲ್ಲ ಯಾರಾದರೊಬ್ಬರ ಅಭಿಪ್ರಾಯ ಬರೆಯುವ ಖಾನೆಯೊಂದಿತ್ತು. ಅವಳ ಹೆಡ್ ಮಾಸ್ಟರು ನಾಳೆ ನಾಳೆ ಎಂದು ಕಡೆಯ ದಿನದವರೆಗೂ ಎಳೆದು, ಅಂದು ಬೆಳಗ್ಗೆ, ಒಳ್ಳೆಯ ಟೀಚರನ್ನು ಹೊಗಳಿ ಕಳಿಸಿಕೊಡಲು ತನಗೇನು ಹುಚ್ಚೇ ಎಂದು ನಕ್ಕುಬಿಟ್ಟರಂತೆ. ಮೊದಲು ಉಳಿದದ್ದನ್ನು ತುಂಬೋಣ ಎಂದು ಅರ್ಧ ದಿನ ರಜೆ ಹಾಕಿ ನನ್ನ ಅಂಗಡಿಗೆ ಬಂದಳು. ಸಂಜೆ ಐದಕ್ಕೆ ಗಡುವು.

ಪುಟ ತೆರೆಯಿತು. ಮುಂದಕ್ಕೆ ಮಾತ್ರ ಹೋಗಲೊಲ್ಲದು. ಹೊಸ ಬ್ರೌಸರಿನಲ್ಲಿ ಈ ಅರ್ಜಿ ಬರುವುದಿಲ್ಲ, ಹಳೆಯದರಲ್ಲಿ ತೆರೆಯಿರಿ ಎಂದು ಕೆಂಪಕ್ಷರದಲ್ಲಿ ತೋರಿಸಿತು. ಹಳೆಯದನ್ನು ಹುಡುಕಿದರೆ ನಾಲ್ಕು ಕಂಪ್ಯೂಟರಿನಲ್ಲಿ ಒಂದರಲ್ಲೂ ಇಲ್ಲ! ಹಿಂದಿನ ದಿನ ನಾನು ಗಂಡಸಿ ಎಂಬ ಪಕ್ಕದ ಊರಿಗೆ ಒಂದು ನಾಮಕರಣಕ್ಕೆ ಹೋಗಿ ಅಂಗಡಿಯನ್ನು ಮಾವನಿಗೆ ಒಪ್ಪಿಸಿದ್ದೆ. ತಿರುಗಿ ನೋಡಿದೆ. ಮಾವ ತಮ್ಮ ಕುರ್ಚಿಯಲ್ಲಿ ನಿರಾಳವಾಗಿ ಕೂತಿದ್ದರು.

"ಹಳೇ ಕೊಬ್ರಿ, ಹೊಸ ಕೊಬ್ರಿ ಒಂದೇ ಚೀಲಕ್ಕೆ ತುಂಬ್ತಾರೇನ್ಲಾ? ಹಳೇದರ ಹುಳ ಹೊಸದಕ್ಕೂ ಹತ್ತತೈತೆ. ಅದ್ಕೇ ನಾಲ್ಕರಲ್ಲೂ ಕಿತ್ತಾಕ್ದೆ" ಎಂದರು.

ಆಗ ನಾನು ಮಾವನಿಗೆ ಆಡಿದ ಮಾತುಗಳು ಅಚ್ಚು ಹಾಕಿಸುವಂಥವಲ್ಲ. ಹಳೆಯದನ್ನು ಮತ್ತೆ ಹಾಕಲು ಬೇಕಾದ ಸಿ.ಡಿ. ಕಂಪ್ಯೂಟರ್ ಜೋಡಿಸಿಕೊಟ್ಟವನ ಹತ್ತಿರವಿತ್ತು, ಅವನು ಫೋನು ಎತ್ತಲಿಲ್ಲ. ಊರಿನ ಇನ್ನೆರಡು ಸೆಂಟರಿನ ಗತಿಯೂ ಗೊತ್ತಿದ್ದದ್ದೇ. ನನ್ನ ಹೆಂಡತಿ ಕೂಗಾಡಲಿಲ್ಲ. ಸರ್ಟಿಫಿಕೇಟುಗಳನ್ನು ಒಂದೊಂದಾಗಿ ಫೈಲಿಗೆ ಸೇರಿಸಿ ದಾರ ಕಟ್ಟತೊಡಗಿದಳು. "ಹೋಗ್ಲಿ ಬಿಡ್ರೀ, ನಮ್ ಹಣೇಲಿ ಇಲ್ಲ" ಎಂದಳು. ಅವಳು ಕೂಗಾಡಿದ್ದರೇ ವಾಸಿ ಇತ್ತು.

ಮಾವ ಎದ್ದು ಚಪ್ಪಲಿ ಮೆಟ್ಟಿಕೊಂಡು, ಹಳೇಬೀಡಿನಲ್ಲಿ ಒಬ್ಬ ಇದ್ದಾನೆ, ತನ್ನ ಮಾತು ಕೇಳದವನು, ಒಂದೂವರೆಗೆ ಬಸ್ಸಿದೆ ಎಂದರು.

ಜಾವಗಲ್ ಮೇಲೆ ಹೋಗುವ ಆ ಬಸ್ಸು ಕೈ ತೋರಿಸಿದ ಕಡೆಯೆಲ್ಲ ನಿಂತಿತು. ಹೆಂಡತಿ ಕಿಟಕಿಯ ಹತ್ತಿರ ಫೈಲು ಹಿಡಿದು ಕೂತಿದ್ದಳು. ಮಾವ ಎರಡು ಸೀಟು ಮುಂದೆ, ಯಾವುದಕ್ಕೂ ಅಂಕ ಕೊಡದೆ ಕೂತಿದ್ದರು. ನನಗೆ ಅರೇಹಳ್ಳಿಗೆ ಹೆಣ್ಣು ನೋಡಲು ಹೋದ ದಿನ ನೆನಪಾಗಿ ಸಿಟ್ಟು ಇನ್ನಷ್ಟು ಏರಿತು. ಅಂದು ಎಲ್ಲರೂ ಹುಡುಗಿಯನ್ನು ಪ್ರಶ್ನೆ ಕೇಳಿದ ಮೇಲೆ ಹುಡುಗಿಯೇ ಮಾವನನ್ನು, ತಾವು ಎಷ್ಟನೇ ಕ್ಲಾಸಿನವರೆಗೆ ಓದಿದ್ದೀರಿ ಎಂದು ವಿನಯವಾಗಿಯೇ ಕೇಳಿದ್ದಳು. ಮಾವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಅವರ ಮನೆಯ ನಡುಮನೆಯಲ್ಲೇ, ಈ ಹೆಣ್ಣು ಬೇಡ, ಬಾಯಿ ಜಾಸ್ತಿ ಎಂದುಬಿಟ್ಟಿದ್ದರು. ಅಮ್ಮ ಮಾತ್ರ, ನೀನು ಕೊಬ್ಬರಿ ನೋಡು, ಹುಡುಗಿಯನ್ನು ನಾನು ನೋಡುತ್ತೇನೆ ಎಂದು ತಮ್ಮನ ಬಾಯಿ ಮುಚ್ಚಿಸಿದ್ದಳು. ಹನ್ನೊಂದು ವರ್ಷವಾದರೂ ಆ ತೀರ್ಪನ್ನು ಮಾವ ವಾಪಸು ತೆಗೆದುಕೊಂಡಿರಲಿಲ್ಲ. ಇವತ್ತು ಅವಳ ಕೆಲಸಕ್ಕೂ ಕಲ್ಲು ಹಾಕಿದರಲ್ಲ ಎಂದು ಹಲ್ಲು ಕಡಿದುಕೊಂಡೆ.

ಹಳೇಬೀಡು ತಲುಪಿದಾಗ ನಾಲ್ಕಾಗುತ್ತ ಬಂದಿತ್ತು. ಅಂಗಡಿಯವನಿಗೆ ಮಾವನ ಗುರುತು ಹತ್ತಿತು. "ಬನ್ನಿ ಯಜಮಾನ್ರೇ, ಹಳೇದು ಹಂಗೇ ಐತೆ" ಎಂದ. ಮಾವ ಕೈಮುಗಿದರು. ಅವರು ಯಾರಿಗಾದರೂ ಹಾಗೆ ಕೈಮುಗಿದದ್ದನ್ನು ನಾನು ಮೊದಲು ನೋಡಿರಲಿಲ್ಲ.

ಅರ್ಜಿ ಸರಾಗವಾಗಿ ಮುಂದೆ ಹೋಯಿತು. ನಾಲ್ಕೂವರೆಗೆ ಆ ಒಂದು ಖಾನೆ ಬಿಟ್ಟು ಎಲ್ಲ ತುಂಬಿತ್ತು. ಅದನ್ನು ತುಂಬದೆ ಅರ್ಜಿ ಹೋಗುವುದಿಲ್ಲ, ಹೆಡ್ ಮಾಸ್ಟರು ಬರೆಯುವುದಿಲ್ಲ. ನನ್ನ ಹೆಂಡತಿ ಕೀಬೋರ್ಡಿನಿಂದ ಕೈ ತೆಗೆದಳು.

"ನಂದು ಹಾಕು" ಎಂದರು ಮಾವ. ಈ ಮಹಾನುಭಾವರ ಅಭಿಪ್ರಾಯವೇ? ಬಾಯಿ ಜಾಸ್ತಿ ಎಂದು ಬರೆಸುತ್ತಾರೋ ಏನೋ! ಬೇರೆ ದಾರಿ ಇರಲಿಲ್ಲ. ಅವರು ಹೇಳುವುದು, ನಾನು ಇಂಗ್ಲಿಷಿಗೆ ತಿರುಗಿಸಿ ಒತ್ತುವುದು ಎಂದಾಯಿತು. ಮೊದಲು ತಮ್ಮ ಹೆಸರು ಹೇಳಿದರು. ಕೊಬ್ಬರಿ ವರ್ತಕರು ಎಂದರು. ಬೆಳೆಗಾರರ ಸಂಘದ ಮಾಜಿ ಉಪಾಧ್ಯಕ್ಷರು, ದೇವಸ್ಥಾನದ ಸಮಿತಿ ಸದಸ್ಯರು, ಕಲ್ಯಾಣ ಮಂಟಪದ ದಾನಿಗಳು ಎಂದು ಎರಡು ಸಾಲು ಬರೆಸಿದರು. ಒಂದು ನಿಮಿಷಕ್ಕೆ ತೀರ್ಪು ಕೊಡುವವರು ಆಮೇಲೆ ಐದು ನಿಮಿಷ ಪರದೆ ನೋಡುತ್ತ ಕೂತರು. ನಾನು ಗಡಿಯಾರ ನೋಡಿದೆ.

"ಇವ್ಳನ್ನ ಹನ್ನೊಂದು ವರ್ಷದಿಂದ ಬಲ್ಲೆ. ಮೊದಲ್ನೇ ದಿನ ನಾನು ಬ್ಯಾಡ ಅಂದಿದ್ದೆ. ಅದು ನನ್ ತಪ್ಪು. ನಮ್ಮಕ್ಕಂಗೆ ಅಕ್ಷರ ಬರ್ತಿರ್ಲಿಲ್ಲ. ಅರವತ್ತೆರಡನೇ ವಯಸ್ಸಲ್ಲಿ ಇವ್ಳು ಕಲಿಸಿದ್ಲು. ಒಂದಿನ ನಮ್ಮಕ್ಕ ಮಂಡಿ ಮುಂದೆ ಬಂದು ನಿಂತು, ಬೋರ್ಡ್ ಮ್ಯಾಲಿದ್ದ ನನ್ ಹೆಸ್ರನ್ನ ಒಂದೊಂದೇ ಅಕ್ಷರ ಕೂಡಿಸ್ಕೊಂಡು ಓದಿದ್ಲು."

ನಾನು ಒತ್ತುತ್ತ ಹೋದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಖಾನೆ ತುಂಬಿತು, ಮುಂದೆ ಅಕ್ಷರ ಬೀಳಲಿಲ್ಲ. ಜಾಗ ಸಾಲದು ಮಾವ, ಏನಾದರೂ ತೆಗೆಯಬೇಕು ಎಂದೆ.

"ಉಪಾಧ್ಯಕ್ಷ, ಸಮಿತಿ, ದಾನಿ ಎಲ್ಲಾ ತೆಗೆದಾಕು. ಅಕ್ಕ ಓದಿದ್ದು ಇರ್ಲಿ" ಎಂದರು ಮಾವ.

ಐದಕ್ಕೆ ಹತ್ತು ನಿಮಿಷವಿರುವಾಗ ಅರ್ಜಿ ಹೋಯಿತು. ಅಮ್ಮ ಸೊಸೆಯ ಹತ್ತಿರ ಅಕ್ಷರ ಕಲಿಯುತ್ತಿದ್ದದ್ದು ನನಗೆ ಗೊತ್ತಿತ್ತು, ಮಂಡಿಯವರೆಗೆ ಹೋಗಿ ಬೋರ್ಡು ಓದಿದ್ದು ಗೊತ್ತಿರಲಿಲ್ಲ. ಪಕ್ಕಕ್ಕೆ ತಿರುಗಿದೆ. ನನ್ನ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಅವಳಿಗೆ ಗೊತ್ತಿತ್ತು. ಅಂದು ಅಮ್ಮನ ಕೈ ಹಿಡಿದು ಅಷ್ಟು ದೂರ ನಡೆಸಿಕೊಂಡು ಹೋಗಿ, ಮಾವನಿಗೆ ಕಾಣದಂತೆ ರಸ್ತೆಯ ಈಚೆ ನಿಂತಿದ್ದವಳು ಅವಳೇ.