ತೊಂಬತ್ತೆರಡು ಮೆಟ್ಟಿಲಿನ ಮೌನ

ಬೆಳಿಗ್ಗೆ ಬಾಗಿಲ ಸಂದಿಯಿಂದ ನುಸುಳಿ ಬಂದ ಪುರಸಭೆ ಕಚೇರಿಯ ಒಂದು ಹಾಳೆ ಗಡಿಯಾರದಪ್ಪನ ಎದೆಯನ್ನು ನಗಾರಿ ಮಾಡಿಬಿಟ್ಟಿತು. ಅರವತ್ತು ದಾಟಿದವರು ಗೋಪುರ ಹತ್ತಬೇಕಾದರೆ, ಮನೆಗೇ ಬಂದು ಪರೀಕ್ಷಿಸುವ ಆಂಬುಲೆನ್ಸಿನವರ ಸಹಿ ಬೇಕು. ಸಹಿ ಸಿಗದಿದ್ದರೆ ಕೀಲಿಕೈ ಕಚೇರಿಗೆ ವಾಪಸ್ಸು. ಪರೀಕ್ಷೆ ಇವತ್ತೇ, ಹತ್ತು ಗಂಟೆಗೆ.

ಮೂವತ್ತು ವರ್ಷದಿಂದ ಗೋಪುರದ ಗಡಿಯಾರಕ್ಕೆ ದಿನಾ ಸಂಜೆ ಕೀಲಿ ಕೊಡುತ್ತಿದ್ದವನು ಅವನು. ತೊಂಬತ್ತೆರಡು ಮೆಟ್ಟಿಲು ಹತ್ತಿದರೆ ಒಂದು ಪುಟ್ಟ ಕೋಣೆ, ಕೂರಲು ಮರದ ಪೆಟ್ಟಿಗೆ, ಹಾಡು ಮುಗಿದ ಮೇಲೂ ಉಳಿಯುವ ಶ್ರುತಿಯಂಥ ಮೌನ. ಪಕ್ಕದ ಮನೆಯ ಕತ್ತರಿಯಣ್ಣನ ಮಾತು ತಲುಪದ ಜಾಗ ಭೂಮಿಯ ಮೇಲೆ ಅದೊಂದೇ. ಕತ್ತರಿಯಣ್ಣ ಕ್ಷೌರಿಕ, ಬಾಲ್ಯದ ಗೆಳೆಯ, ಜೀವಕ್ಕೆ ಜೀವ ಕೊಡುವವನು. ಆದರೆ ಅವನ ನಾಲಿಗೆ ಬಾಯೊಳಗೆ ವಿಶ್ರಾಂತಿ ಪಡೆದದ್ದನ್ನು ಕಂಡವರಿಲ್ಲ.

"ಹೋದ ವರ್ಷ ಕಚೇರೀಲಿ ನನ್ನ ಬಿಪಿ ನೂರಾ ಎಪ್ಪತ್ತೆಂಟು ಬಂದಿತ್ತು ಕಣೋ. ಹೇಗೋ ಬಚಾವಾದೆ. ಈ ಸಲ ಸಹಿ ಬೀಳಲ್ಲ," ಎಂದ ಗಡಿಯಾರದಪ್ಪ, ಗೆಳೆಯನಿಗೆ ಹಾಳೆ ತೋರಿಸಿ.

"ನಂದು ನೂರಿಪ್ಪತ್ತು. ನಾನು ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ ನೋಡು, ಎಲ್ಲಾ ಬಾಯಲ್ಲೇ ಹೊರಗೆ ಹೋಗುತ್ತೆ. ನಿನ್ನ ಕುರ್ಚೀಲಿ ನಾನು ಕೂರ್ತೀನಿ ಬಿಡು. ಅವರಿಗೆ ನಿನ್ನ ಮುಖ ಗೊತ್ತಾ, ನನ್ನ ಮುಖ ಗೊತ್ತಾ?"

ಹತ್ತಕ್ಕೆ ಸರಿಯಾಗಿ ಆಂಬುಲೆನ್ಸ್ ಬಂತು, ಸೈರನ್ ಇಲ್ಲದೆ, ಬೆಕ್ಕಿನಂತೆ. ಅದರಿಂದ ಇಳಿದವರನ್ನು ಊರು ಆಂಬುಲೆನ್ಸಮ್ಮ ಎನ್ನುತ್ತಿತ್ತು. ಹದಿನೈದು ವರ್ಷ ಸೈರನ್ ಹಾಕಿಕೊಂಡು ಓಡಿದವರು, ಈಗ ಆ ಸೈರನ್ನಿಗೆ ಕೆಲಸವೇ ಬಾರದಿರಲಿ ಎಂದು ಮನೆಮನೆ ಸುತ್ತುತ್ತಿದ್ದರು. ಒಳಗೆ ಕಾಲಿಟ್ಟವರೇ, ಜಾರುತ್ತಿದ್ದ ಕಾಲೊರೆಸುವ ಬಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟರು. ಗಡಿಯಾರದಪ್ಪ ಮಲಗುವ ಕೋಣೆಯ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ.

ಕತ್ತರಿಯಣ್ಣನ ತೋಳಿಗೆ ಪಟ್ಟಿ ಸುತ್ತುವಷ್ಟರಲ್ಲಿ ಮಹಡಿ ಮನೆ ಅಜ್ಜಿ ಅಳುತ್ತಾ ನುಗ್ಗಿದಳು. ಬಾಗಿಲಲ್ಲಿ ಆಂಬುಲೆನ್ಸ್ ಕಂಡಿದ್ದೇ ತಡ, ಅವಳ ಲೆಕ್ಕದಲ್ಲಿ ಎಲ್ಲ ಮುಗಿದುಹೋಗಿತ್ತು.

"ಅಯ್ಯೋ, ನಮ್ಮ ಗಡಿಯಾರದಪ್ಪಂಗೆ ಏನಾಯ್ತವ್ವಾ?"

"ಏನೂ ಆಗಿಲ್ಲ ಅಜ್ಜಿ. ಇಲ್ಲೇ ಕೂತಿದ್ದಾರಲ್ಲ."

ಅಜ್ಜಿ ಕುರ್ಚಿಯ ಹತ್ತಿರ ಬಂದು, ಬಗ್ಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. "ಕಾಯಿಲೆ ಮುಖಾನೇ ಬದಲಾಯಿಸಿಬಿಟ್ಟಿದೆಯಲ್ಲೋ ಮಗನೇ! ಥೇಟ್ ಆ ಬಾಯಿಬಡುಕ ಕತ್ತರಿಯಣ್ಣನ ಥರಾ ಆಗೋಗಿದ್ದೀಯ."

ಜನ್ಮದಲ್ಲಿ ಮೊದಲ ಸಲ ಕತ್ತರಿಯಣ್ಣನಿಗೆ ಮಾತು ಹೊರಡಲಿಲ್ಲ.

"ಅಜ್ಜಿ, ಕಣ್ಣು ತೋರಿಸಿ ಎಷ್ಟು ವರ್ಷ ಆಯ್ತು?" ಎಂದು ಕೇಳಿ, ಆಂಬುಲೆನ್ಸಮ್ಮ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡರು.

ಬಿಪಿ ಕೆರೆಯ ನೀರಿನಂತೆ ತಣ್ಣಗಿತ್ತು. ಪರದೆಯ ಹಿಂದಿನ ಉಸಿರು ಸಡಿಲವಾಯಿತು. ಆದರೆ ಪರೀಕ್ಷೆ ಅಲ್ಲಿಗೇ ನಿಲ್ಲಲಿಲ್ಲ. ಬೆರಳ ತುದಿಗೆ ಒಂದು ಸೂಜಿ, ಒಂದು ಹನಿ ರಕ್ತ. ಆಂಬುಲೆನ್ಸಮ್ಮ ಯಂತ್ರವನ್ನು ಬೆಳಕಿಗೆ ಹಿಡಿದು ಓದಿದರು.

"ಸಕ್ಕರೆ ಮುನ್ನೂರ ನಲವತ್ತೆರಡು. ಕಾಲು ಕೊಡಿ."

ಅವರು ನೆಲದ ಮೇಲೆ ಮಂಡಿಯೂರಿ, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದುಗಳನ್ನೆಲ್ಲ ಬಿಡಿಸಿ ನೋಡಿದರು. ನಲವತ್ತು ವರ್ಷ ನಿಂತೇ ದುಡಿದ ಆ ಪಾದಗಳನ್ನು ಅಷ್ಟು ಮರ್ಯಾದೆಯಿಂದ ಯಾರೂ ಮುಟ್ಟಿರಲಿಲ್ಲ. ಕೊನೆಗೆ ಹಿಮ್ಮಡಿಯಿಂದ ಚಿಮಟದಲ್ಲಿ ಏನನ್ನೋ ಎಳೆದರು.

"ನೋವಾಯ್ತಾ?"

"ಏನು ಮಾಡಿದ್ರಿ?"

"ಅದೇ ನನಗೆ ಭಯ. ಮುಳ್ಳಿನ ಥರ ಚುಚ್ಚಿಕೊಂಡು ಕೀವಾಗ್ತಿದೆ, ಸಕ್ಕರೆಯಿಂದ ಕಾಲು ಮರಗಟ್ಟಿ ನಿಮಗೆ ಗೊತ್ತೇ ಆಗ್ತಿಲ್ಲ. ಹೀಗೇ ಬಿಟ್ಟಿದ್ರೆ ಕಾಲಿಗೇ ಕುತ್ತು ಬರ್ತಿತ್ತು. ಮಾತ್ರೆ ಇವತ್ತೇ ಶುರು ಆಗಬೇಕು, ಗಡಿಯಾರದಪ್ಪನವರೇ."

ತನ್ನ ಹೆಸರು ಕೇಳಿ ಪರದೆಯ ಹಿಂದಿದ್ದವನು ಲೆಕ್ಕ ಹಾಕಿದ. ಸುಮ್ಮನಿದ್ದರೆ ಮಾತ್ರೆ ತನ್ನ ಮನೆಗೆ ಬರುತ್ತದೆ, ಕಾಯಿಲೆ ಪಕ್ಕದ ಮನೆಯಲ್ಲೇ ಉಳಿಯುತ್ತದೆ. ಕೀಲಿಕೈ ಒಂದು ಕಡೆ, ಗೆಳೆಯನ ಕಾಲು ಒಂದು ಕಡೆ. ಅವನು ಪರದೆ ಸರಿಸಿ ಹೊರಬಂದ.

"ಅಮ್ಮಾ, ಆ ಸಕ್ಕರೆ ನನ್ನದಲ್ಲ. ಇವನದು. ಗಡಿಯಾರದಪ್ಪ ನಾನು."

"ಗೊತ್ತು," ಎಂದರು ಅವರು, ಗಾಯ ಒರೆಸುತ್ತಲೇ. "ಹಿಮ್ಮಡಿಗೆ ಚುಚ್ಚಿದ್ದು ಕೂದಲಿನ ಚೂರು. ಗೋಪುರದ ಗಡಿಯಾರಕ್ಕೆ ಯಾರೂ ಕ್ಷೌರ ಮಾಡಲ್ಲವಲ್ಲ. ಪರದೆ ಕೆಳಗೆ ಹತ್ತು ಬೆರಳು ಬೇರೆ ಆಗಿನಿಂದ ಕಾಣ್ತಿದ್ವು. ನೀವಾಗೇ ಬರಲಿ ಅಂತ ಕಾದೆ. ಕೂತ್ಕೊಳ್ಳಿ."

ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಯಾರೂ ಮಾತಾಡಕೂಡದು ಎಂದು ಅಪ್ಪಣೆಯಾಯಿತು. ಕತ್ತರಿಯಣ್ಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆಂಬುಲೆನ್ಸಮ್ಮ ಎರಡು ಸಲ ಬಿಪಿ ನೋಡಿದರು. ನೂರಿಪ್ಪತ್ತೆಂಟು.

"ಹೋದ ವರ್ಷ ಪರೀಕ್ಷೆಗೆ ಹೇಗೆ ಹೋಗಿದ್ರಿ?"

"ಗೋಪುರ ಇಳಿದು, ಹೊತ್ತಾಯ್ತು ಅಂತ ಓಡಿಕೊಂಡು."

"ಹಾಗೆ ಓಡಿ ಬಂದರೆ ಕುದುರೆಗೂ ಅಷ್ಟೇ ಬರುತ್ತೆ," ಎಂದು ನಕ್ಕು, ಅವರು ಸಹಿ ಹಾಕಿಯೇಬಿಟ್ಟರು. ಗಡಿಯಾರದಪ್ಪ ಹಾಳೆಯನ್ನು ಕಣ್ಣಿಗೊತ್ತಿಕೊಂಡ.

ಆಮೇಲೆ ಕತ್ತರಿಯಣ್ಣನನ್ನು ತಾವೇ ವೈದ್ಯರ ಬಳಿ ಕರೆದೊಯ್ದು, ಮಧ್ಯಾಹ್ನ ಮಾತ್ರೆಯ ಸಮೇತ ವಾಪಸು ತಂದುಬಿಟ್ಟರು. "ಗಾಯ ಮಾಯೋವರೆಗೂ ಬೂಟು ಕಡ್ಡಾಯ. ವೈದ್ಯರು ದಿನಾ ಸ್ವಲ್ಪ ಸ್ವಲ್ಪ ನಡೀಬೇಕು ಅಂದಿದ್ದಾರೆ."

"ಒಬ್ಬನೇ? ಮಾತಾಡೋಕೆ ಯಾರೂ ಇಲ್ದೆ? ಸತ್ತೇ ಹೋಗ್ತೀನಿ."

"ಗೋಪುರ ಇದೆಯಲ್ಲೋ," ಎಂದಳು ಬಾಗಿಲಲ್ಲಿದ್ದ ಅಜ್ಜಿ. "ದಿನಾ ಇವನು ಹತ್ತೋದೇ."

"ಒಳ್ಳೇ ಯೋಚನೆ," ಎಂದರು ಆಂಬುಲೆನ್ಸಮ್ಮ. "ಈ ವಾರ ಮೊದಲ ಅಂತಸ್ತು ಸಾಕು, ಅಲ್ಲೇ ಕೂತಿರಲಿ. ಗಡಿಯಾರದಪ್ಪನವರೇ, ಒಂದು ಗುರುತು ಇಟ್ಕೊಳ್ಳಿ. ಹತ್ತುವಾಗ ಆರಾಮಾಗಿ ಮಾತಾಡ್ತಿದ್ದರೆ ಸರಿಯಾಗಿದ್ದಾರೆ ಅಂತ. ಮಾತು ನಿಂತರೆ ಏನೋ ಎಡವಟ್ಟಾಗಿದೆ ಅಂತ, ತಕ್ಷಣ ನನಗೆ ಫೋನ್ ಮಾಡಿ."

ಸಂಜೆ ಗೆಳೆಯನನ್ನು ಇಪ್ಪತ್ತಮೂರನೇ ಮೆಟ್ಟಿಲಿನ ಕಟ್ಟೆಯ ಮೇಲೆ ಕೂರಿಸಿ ಗಡಿಯಾರದಪ್ಪ ಮೇಲೆ ಹತ್ತಿದ. ಸುರುಳಿ ಮೆಟ್ಟಿಲು ಕೊಳಲಿನಂತೆ ಕತ್ತರಿಯಣ್ಣನ ದನಿಯನ್ನು ಹೊತ್ತು ಅವನಿಗಿಂತ ಮೊದಲೇ ಕೋಣೆ ತಲುಪಿಸಿತ್ತು. ಅಳಿಯನ ಮೀಸೆ, ಹೊಸ ಬೂಟು, ಮುನ್ನೂರ ನಲವತ್ತೆರಡು. ಗಡಿಯಾರದಪ್ಪ ಪೆಟ್ಟಿಗೆಯ ಮೇಲೆ ತಲೆಗೆ ಕೈಹೊತ್ತು ಕೂತ.

ಇದ್ದಕ್ಕಿದ್ದಂತೆ ದನಿ ನಿಂತಿತು. ಹಲ್ಲುಚಕ್ರಗಳ ಟಿಕ್ ಟಿಕ್. ಮೂವತ್ತು ವರ್ಷ ಅವನು ಕಾಪಾಡಿಕೊಂಡು ಬಂದ ಅದೇ ಮೌನ.

ಅವನು ಧಡಕ್ಕನೆ ಎದ್ದು ಮೆಟ್ಟಿಲ ಬಾಯಿಗೆ ಓಡಿದ. "ಲೋ, ಯಾಕೋ ನಿಲ್ಲಿಸಿದೆ? ಮಾತಾಡೋ!"

"ನೀರು ಕುಡೀತಿದ್ದೆ ಕಣೋ," ಎಂದಿತು ಕೆಳಗಿನ ದನಿ. "ಅಷ್ಟು ಆಸೇನಾ ನಿಂಗೆ? ಮೊದಲೇ ಹೇಳಬಾರದಿತ್ತಾ. ಇರು, ಮೊದಲಿಂದ ಹೇಳ್ತೀನಿ."